ಪೋಸ್ಟ್‌ಕಾರ್ಡಿನಷ್ಟು ಸಂದು

ಅಪ್ಪ ರೈಲ್ವೆಯಲ್ಲಿ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿಯಾಗಿದ್ದವರು. ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದು ಇಲ್ಲೇ ನಿವೃತ್ತರಾದರು. ಆಮೇಲೆ ಯಾವುದೋ ಕಾಯಿಲೆಯಿಂದ ಮುಕ್ಕಾಲು ದೃಷ್ಟಿ ಹೋಯಿತು. ಅಂದಿನಿಂದ ಧರಮಪೇಠದ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಯಾರಾದರೂ ಬಂದರೆ ಒಳಕೋಣೆ ಸೇರಿಬಿಡುತ್ತಿದ್ದರು. ಅವರನ್ನು ಹೊರಗೆಳೆಯಲೆಂದೇ ನಾನು ಬಾಲ್ಕನಿಯಲ್ಲಿ ಪ್ಲೈವುಡ್ ಹಾಸಿ ಪುಟ್ಟ ರೈಲಿಗೆ ಹಳಿ ಹಾಕತೊಡಗಿದ್ದು. ಬೇಕಾದಂತೆ ಬಾಗುವ, ಒಂದೊಂದು ಗಜದ ತುಂಡುಗಳು. ತುದಿಗೆ ತುದಿ ಕೂಡಿಸಿ, ಪುಟ್ಟ ತಗಡಿನ ಕ್ಲಿಪ್ಪು ತೂರಿಸಿ, ಬೆಸುಗೆ ಹಾಕುತ್ತ ಹೋಗಬೇಕು. ಜೋಡು ಕೊಂಚ ಹೆಚ್ಚುಕಮ್ಮಿಯಾದರೂ ಗಾಲಿ ಹಾರುತ್ತದೆ.

"ಕಡೀ ಜೋಡು ನನಗ ಬಿಡು," ಎಂದರು ಅಪ್ಪ ಒಂದು ದಿನ. ಅಷ್ಟಕ್ಕೇ ನಿಲ್ಲದೆ, ಗ್ಯಾಂಗಿನ ಇಬ್ಬರು ಹಳೆಯ ಗೆಳೆಯರಿಗೆ ಫೋನು ಹಚ್ಚಿಸಿ, ಭಾನುವಾರ ರೈಲು ನೋಡಲು ಬರ್ರಿ ಎಂದು ತಾವೇ ಕರೆದರು. ಕಣ್ಣು ಹೋದ ಮೇಲೆ ಅವರು ಕರೆದ ಮೊದಲ ಅತಿಥಿಗಳು. ನನಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಗೆಳೆಯರೆದುರು ತಮ್ಮ ಜೋಡಿನಲ್ಲೇ ರೈಲು ಬಿದ್ದರೆ ಈ ಮನುಷ್ಯ ಮತ್ತೆ ಒಳಕೋಣೆ ಬಿಟ್ಟು ಬರುವುದಿಲ್ಲ.

ಶನಿವಾರ ನಾನು ಮಿಹಾನ್‌ನ ವಿಮಾನ ಕಾರ್ಯಾಗಾರದಲ್ಲಿ ಡ್ಯೂಟಿಯಲ್ಲಿದ್ದಾಗ ಅವರು ತಡವಿ ತಡವಿಯೇ ಕೊನೆಯ ಜೋಡು ಕೂಡಿಸಿದ್ದರು. ಭಾನುವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಬಗ್ಗಿ ನೋಡಿದೆ. ಎರಡು ಹಳಿಗಳ ತುದಿ ತಾಗಿಯೇ ಇರಲಿಲ್ಲ. ನಡುವೆ ಪೋಸ್ಟ್‌ಕಾರ್ಡು ತೂರುವಷ್ಟು ಸಂದು. ನಾನು ವಿಮಾನ ರಿಪೇರಿ ಮಾಡುವವಳು; ನಮ್ಮಲ್ಲಿ ಬೇಡದ ಕಡೆ ಸಂದು ಕಂಡರೆ ಅದು ದೋಷ. ಪಾಪ, ಅಪ್ಪನಿಗೆ ಕಂಡಿಲ್ಲ ಎಂದುಕೊಂಡೆ. ಬಚ್ಚಲಿನ ತಂಬಿಗೆಯ ಸದ್ದಿಗೆ ಕಿವಿಕೊಟ್ಟೇ ಬೆಸುಗೆ ಕಾಯಿಸಿ ಸಂದು ತುಂಬಿದೆ, ಅರದಿಂದ ಉಜ್ಜಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನೀರಿನ ಸದ್ದು ನಿಲ್ಲುವಷ್ಟರಲ್ಲಿ ಅಡುಗೆಮನೆಯಲ್ಲಿ ಅವಲಕ್ಕಿ ಕಲಸುತ್ತಿದ್ದೆ.

ಸ್ನಾನ ಮುಗಿಸಿದ ಅಪ್ಪ ಬಾಲ್ಕನಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

"ಎಲ್ಲಾ ಬರೋಬರ್ ಐತೇನವಾ?"

"ಬರೋಬರ್ ಐತಿ, ಅಪ್ಪಾ."

ಗೆಳೆಯರು ಬಂದಾಗ ಹನ್ನೆರಡು ದಾಟಿತ್ತು. ಮೇ ತಿಂಗಳು, ಬಾಲ್ಕನಿಯ ತಗಡಿನ ಮಾಡು ಹಂಚಿನಂತೆ ಕಾದಿತ್ತು. ರೈಲು ಬಿಟ್ಟೆ. ಒಂದು ಸುತ್ತು, ಎರಡು ಸುತ್ತು. ಅಪ್ಪ ಕುರ್ಚಿಯಲ್ಲಿ ತಲೆ ಓರೆ ಮಾಡಿ ಕೇಳುತ್ತಿದ್ದರು. ನಾನು ಆ ಜೋಡನ್ನೇ ನೋಡುತ್ತಿದ್ದೆ. ಅದು ಗಟ್ಟಿಯಾಗಿಯೇ ಇತ್ತು. ಆದರೆ ಅದರ ಪಕ್ಕದ ನೇರ ಹಳಿ ನೇರ ಉಳಿದಿರಲಿಲ್ಲ. ಮೊಳೆ ಕಿತ್ತುಕೊಂಡು ಬಿಲ್ಲಿನಂತೆ ಮೇಲೆದ್ದಿತ್ತು. ಸ್ವಿಚ್ಚಿಗೆ ಕೈ ಹೋಗುವ ಮೊದಲೇ ಎಂಜಿನ್ ಉರುಳಿಬಿತ್ತು.

ಅಪ್ಪ ಎದ್ದು ಬಂದು ಆ ಉಬ್ಬಿನ ಮೇಲೆ ಬೆರಳಾಡಿಸಿದರು.

"ನಂದ ತಪ್ಪು," ಎಂದರು ಗೆಳೆಯರ ಕಡೆ ತಿರುಗಿ. "ಬಿಸಿಲಿಗೆ ಹಳಿ ಬೆಳೀತೈತಿ, ಸಂದು ಬಿಡ್ರಿ ಅಂತ ನಿಮಗೆಲ್ಲಾ ಬೈದು ಬೈದು, ನಾನ ಮರತೆ."

"ಇರಲಿ ಬಿಡ್ರಿ ಮೇಸ್ತ್ರಿ, ವಯಸ್ಸಾತು," ಎಂದರು ಒಬ್ಬರು, ಮೆತ್ತಗೆ.

ಆ ಕನಿಕರ ನನ್ನಿಂದ ತಾಳಲಾಗಲಿಲ್ಲ. ಮುಖಕ್ಕೆ ಬೆಂಕಿ ತಾಗಿದಂತಾಯಿತು. ನಾಚಿಕೆ, ನನ್ನ ಜಾಣತನದ ಮೇಲೆ ಸಿಟ್ಟು, ಎರಡೂ.

"ಅಪ್ಪ ಸಂದು ಬಿಟ್ಟಿದ್ರು ಕಾಕಾ. ಅವರಿಗೆ ಗೊತ್ತಿಲ್ಲದಂಗ ಮುಚ್ಚಿದಾಕಿ ನಾನು."

ಅಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತೈತಿ. ಮುಂಜಾನೆ ಕೈಯಾಡಿಸಿ ನೋಡೀನಿ. ಅದಕ್ಕ ಕೇಳಿದ್ದು. ನೀ ಹೇಳ್ತಿ ಅಂತ ಕಾದೆ."

ಅಪ್ಪ ಅಂಗಿಯ ಜೇಬಿನಿಂದ ಹಳೆಯ ಪೋಸ್ಟ್‌ಕಾರ್ಡಿನ ಒಂದು ತುಂಡು ತೆಗೆದರು. ಶನಿವಾರ ಸಂದು ಅಳೆದದ್ದು ಅದರಿಂದಲೇ.

ನಾನು ಹಳಿ ಕೊಯ್ಯುವ ಪುಟ್ಟ ಗರಗಸ ತಂದೆ. ಅದನ್ನು ಅವರಿಗೆ ಕೊಟ್ಟು ಗೆಳೆಯರ ಪಕ್ಕ ಹೋಗಿ ನಿಂತೆ. ಅಪ್ಪ ಜೋಡನ್ನು ತಡವಿ ಹುಡುಕಿ ಕೊಯ್ಯತೊಡಗಿದರು. ಕೊಯ್ದು, ಉಬ್ಬಿದ ಹಳಿ ಒತ್ತಿ ಕೂರಿಸಿ, ಸಂದಿಗೆ ಕಾರ್ಡು ತೂರಿಸಿ ನೋಡಿ, "ಆತು, ಬಿಡು," ಎಂದರು. ನಾನು ಎಂಜಿನ್ ಹಳಿಗೇರಿಸಿ, ಜೋಡನ್ನು ಬಗ್ಗಿ ನೋಡದೆ ರೈಲು ಬಿಟ್ಟೆ.