ಪಾದ್ರಿಯ ಮದುವೆ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸು. ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಮತ್ತು ಅವಳ ಚಿಕ್ಕಮ್ಮ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಪಾದ್ರಿ, ವಿಶ್ವವಿದ್ಯಾಲಯದ ದೊಡ್ಡ ಪಂಡಿತ. ಅವನ ಬದುಕಿನ ಮೇಲೆ ಹುಡುಗಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಹರಿಹರದಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಕಾಯುತ್ತಿದ್ದಾರೆ. ಮದುವೆಯಾದರೆ ಓದು ಬಿಡಬೇಕಂತೆ.

“ಆ ಪಾದ್ರಿಗೂ ಹಿಂಗೇ ಚಿಕ್ಕಮ್ಮ. ಆಗಿನ ರೂಲ್ಸ್ ಪ್ರಕಾರ ಮದ್ವೆ ಆದ್ರೆ ಯೂನಿವರ್ಸಿಟಿ ಕೆಲ್ಸ ಬಿಡಬೇಕಿತ್ತು.”

“ಗಂಡಸಿಗಾ?” ಚಿಕ್ಕಮ್ಮ ಜೋರಾಗಿ ನಕ್ಕರು. “ಮತ್ತೇನ್ ಮಾಡ್ದ?”

“ಹಳ್ಳಿ ಚರ್ಚ್‌ನಾಗ ಕೆಲ್ಸ ಸಿಗೋತನಕ ಮದ್ವೆ ಮುಂದಕ್ಕೆ ಹಾಕ್ದ. ಅಲ್ಲಿ ಆ ರೂಲ್ಸ್ ಇರ್ಲಿಲ್ಲ. ಅವನ ಹುಡುಗಿ ಕಾದ್ಲು.”

ಚಿಕ್ಕಮ್ಮ ಕಿಟಕಿಯತ್ತ ತಿರುಗಿದರು. ಈ ತಿರುಗಿದ್ದನ್ನು ನಾನೇ ಸೇರಿಸಿರಬಹುದು. ಅವರು ಮೊಬೈಲ್ ತೆಗೆದು ಗಂಡಿನ ಕಡೆಯವರಿಗೆ ಫೋನ್ ಮಾಡಿದ್ದು ಮಾತ್ರ ನಿಜ.

“ಬರ್ತಾ ಇದೀವ್ರಿ. ಅಲ್ರಿ, ನಮ್ಮ ಹುಡುಗಿ ಓದು ಮುಗಿಯೋತನಕ ನಿಮ್ಮ ಹುಡುಗ ಕಾಯ್ತಾನೇನ್ರಿ?”