ಮೆಣಸಿನ ಚೀಲ, ಒಂದು ಬೀಗ ಮತ್ತು ನನ್ನ ಕ್ಲಾಸ್‌ಮೇಟ್ ವಿಶಾಲಮ್ಮ

ಇಲ್ಲ... ನಾನು ನಂಬುವುದಿಲ್ಲ.

ಬೆಳಿಗ್ಗೆ ಅವ್ವ ಫೋನ್ ಮಾಡಿ "ವಿಶಾಲಮ್ಮಾವ್ರು ತೀರ್ಕೊಂಡ್ರು ಕಣೇ" ಅಂದಾಗ "ಸುಮ್ನಿರು, ಮೊನ್ನೆ ತಾನೆ ನಂಗೆ ಬೈದಿದಾರೆ" ಅಂದೆ.
ಮೊನ್ನೆ ಬೈದವರು ಇವತ್ತು ಹೇಗೆ ಹೋಗುತ್ತಾರೆ...

ಫ್ರೆಂಡ್ಸ್, ನನ್ನ ಕ್ಲಾಸ್‌ಮೇಟ್ ಇನ್ನಿಲ್ಲ.

ಹೌದು, ಕ್ಲಾಸ್‌ಮೇಟ್.
ಅವರಿಗೆ ಎಪ್ಪತ್ತಾರು. ನನಗಿನ್ನೂ ನಲವತ್ತಾಗಿಲ್ಲ.
ಅವರು ಬಾಳೂರು ಕಡೆಯ ಕಾಫಿ ಎಸ್ಟೇಟಿನ ಯಜಮಾನಿ. ನಾನು ಅದೇ ಎಸ್ಟೇಟಿನ ಕೂಲಿಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಹುಟ್ಟಿ ಬೆಳೆದವಳು.

ಎರಡು ಸಾವಿರದ ಆರೋ ಏಳೋ ಇಸವಿ.
ಪಿಯುಸಿ ಮುಗಿಸಿ ಕಳಸದ ಒಂದು ಸೈಬರ್ ಸೆಂಟರಿನಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಒಂದು ಪೇಜ್ ಓಪನ್ ಆಗುವಷ್ಟರಲ್ಲಿ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರಬಹುದಾದ ಕಾಲ.

ಒಂದು ದಿನ ವಿಶಾಲಮ್ಮಾವ್ರು ತಾವೇ ಜೀಪ್ ಓಡಿಸಿಕೊಂಡು ಬಂದು, ಸೆರಗು ಸಿಕ್ಕಿಸಿ, ಕಂಪ್ಯೂಟರ್ ಮುಂದೆ ಕೂತರು.

"ಆನ್‌ಲೈನಲ್ಲಿ ಎಂ.ಎ.ಗೆ ಸೇರಿದೀನಿ ಮಾರಾಯ್ತಿ. ಮಾನವ ಹಕ್ಕುಗಳು."
"ಈಗ ಎಂತಕ್ಕಮ್ಮ ಅದು?"
"ಮದ್ವೆ ಆಗಿ ಮೂವತ್ತು ವರ್ಷ ಆಯ್ತು. ಗೌಡ್ರ ಹತ್ರ ಒಂದು ವಾದನೂ ಗೆದ್ದಿಲ್ಲ. ಪಾಯಿಂಟ್ಸ್ ಬೇಕು!"

ಒಂದೇ ಬೆರಳಿನ ಟೈಪಿಂಗ್... ಅಕ್ಷರ ಹುಡುಕುವಷ್ಟರಲ್ಲಿ ಕರೆಂಟೇ ಹೋಗುತ್ತಿತ್ತು.
ಕೊನೆಗೆ ಅವರು ಹೇಳುವುದು, ನಾನು ಟೈಪ್ ಮಾಡುವುದು ಅಂತಾಯಿತು.
ಅರ್ಥವಾಗದ್ದನ್ನು ನಾನು ಕೇಳುತ್ತಿದ್ದೆ. ಅವರಿಗೂ ಅರ್ಥವಾಗಿರದಿದ್ದರೆ ಇಬ್ಬರೂ ನಗುತ್ತಿದ್ದೆವು.
ಅಂಗಡಿಗೆ ಯಾರೇ ಬರಲಿ, "ಇವ್ಳು ನನ್ನ ಕ್ಲಾಸ್‌ಮೇಟ್" ಎಂದೇ ಪರಿಚಯ. ನನಗೋ ನಾಚಿಕೆ.

ಅಮ್ಮಾ... ಆ ಅಸೈನ್‌ಮೆಂಟ್ ನೆನಪಿದೆಯಾ?

ನಿಮ್ಮ ಸುತ್ತಲಿನ ಯಾವುದಾದರೂ ಒಂದು ಹಕ್ಕಿನ ಬಗ್ಗೆ ಬರೆಯಿರಿ ಎಂದಿದ್ದರು. ಮಾರನೇ ದಿನವೇ ಕೊನೇ ದಿನ.
ನೀವು ಖುಷಿಯಾಗಿ ಹೇಳುತ್ತಿದ್ದಿರಿ... ನಮ್ಮ ತೋಟದ ಲೈನಿನಲ್ಲಿ ಹೆಂಗಸರಿಗೆಂದೇ ನಾಲ್ಕು ಟಾಯ್ಲೆಟ್ ಕಟ್ಟಿಸಿಕೊಟ್ಟಿದ್ದೇವೆ...

ನನ್ನ ಬೆರಳು ನಿಂತುಬಿಟ್ಟಿತು.

"ಎಂತಾಯ್ತೇ? ಕರೆಂಟ್ ಇದೆಯಲ್ಲ?"

ಕರೆಂಟ್ ಇತ್ತು. ಧೈರ್ಯ ಇರಲಿಲ್ಲ.

ಮಳೆಗಾಲದಲ್ಲಿ ಮೆಣಸಿಗೆ ಬೂಷ್ಟು ಹಿಡಿಯದಂತೆ ಕಾಯುವುದು ನಮ್ಮ ಕಡೆ ಎಷ್ಟು ಕಷ್ಟ ಅಂತ ಗೊತ್ತಲ್ಲ. ಇಡೀ ತೋಟದಲ್ಲಿ ಥಂಡಿ ಏರದ ಜಾಗ ಅಂದರೆ ಹೊಸ ಸಿಮೆಂಟಿನ ಆ ನಾಲ್ಕು ರೂಮು. "ಇದೊಂದು ಮಳೆಗಾಲ" ಎಂದು ಹಾಜರಿ ಬರೆಯುವ ರೈಟರು ಮೆಣಸಿನ ಚೀಲ ತುಂಬಿಸಿ, ಹೊರಬಾಗಿಲಿಗೆ ಒಂದು ದೊಡ್ಡ ಬೀಗ ಜಡಿದಿದ್ದರು.
ಅದಾಗಿ ಮೂರು ಮಳೆಗಾಲ ಕಳೆದಿತ್ತು.
ಅವ್ವ, ನಾನು, ಲೈನಿನ ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಜಿಗಣೆ ಕಚ್ಚಿಸಿಕೊಂಡು ಕಾಡಿಗೆ ಹೋಗಿ ಬರುತ್ತಿದ್ದೆವು. ಕಟ್ಟಿಸಿದ ಮೇಲೆ ನೀವು ಆ ಕಡೆ ಬಂದೇ ಇರಲಿಲ್ಲ.

ಹೇಳಿದರೆ?
ಅಪ್ಪ, ಅವ್ವ ಇಬ್ಬರ ಕೆಲಸವೂ ನಿಮ್ಮ ತೋಟದಲ್ಲಿ. ತಲೆ ಮೇಲಿನ ಸೂರೂ ನಿಮ್ಮದೇ. ಜಾಗ ಖಾಲಿ ಮಾಡಿ ಅಂದುಬಿಟ್ಟರೆ?

ಬಾಯಿ ತಪ್ಪಿ ಹೇಳಿದೆ ಅಂತ ಆಮೇಲೆ ಎಲ್ಲರಿಗೂ ಹೇಳಿಕೊಂಡಿದ್ದೇನೆ. ಸುಳ್ಳು. ಬೇಕಂತಲೇ ಹೇಳಿದೆ.
"ಅಮ್ಮ... ಅದ್ರೊಳಗೆ ಮೆಣಸಿದೆ. ಬೀಗ ಹಾಕಿದಾರೆ."

ನೀವು ತಟ್ಟನೆ ಎದ್ದು ಹೋದಿರಿ. ಕನ್ನಡಕ, ಕೊಡೆ ಎರಡೂ ನನ್ನ ಟೇಬಲ್ ಮೇಲೇ ಉಳಿದವು.

ಸಂಜೆ ಬಸ್ಸಿಳಿದು ಲೈನಿನ ಕಡೆ ನಡೆದೆ. ನಮ್ಮ ಪಾತ್ರೆ ಪಗಡ ಅಂಗಳಕ್ಕೆ ಬಿದ್ದಿರುತ್ತದೆ ಅಂದುಕೊಂಡಿದ್ದೆ.

ಅಂಗಳಕ್ಕೆ ಬಿದ್ದಿದ್ದು ಮೆಣಸಿನ ಚೀಲಗಳು!

ಮಳೆ ನಿಂತು ಸ್ವಲ್ಪ ಹೊಳವಾಗಿತ್ತು. ಚೀಲದ ಒಂದು ತುದಿ ನೀವು, ಇನ್ನೊಂದು ತುದಿ ನನ್ನ ಅವ್ವ ಹಿಡಿದು ಜೀಪಿಗೆ ಏರಿಸುತ್ತಿದ್ದಿರಿ. ಪಕ್ಕದಲ್ಲಿ ಗೌಡ್ರು.

"ಮೆಣಸು ಎಲ್ಲಿಡದು ಮತ್ತೆ?"
"ನಿಮ್ಮ ಆಫೀಸ್ ರೂಮಲ್ಲಿ."
"ನಾನೆಲ್ಲಿ ಕೂರದು?"
"ಜಗಲೀಲಿ. ಮೂರು ವರ್ಷ ಇವ್ರೆಲ್ಲ ಸುಧಾರಿಸ್ಕೊಂಡಿಲ್ವಾ?"

ಗೌಡ್ರು ಮುಂದಿನ ಚೀಲಕ್ಕೆ ಕೈ ಹಾಕಿದರು. ಮೂವತ್ತು ವರ್ಷದಲ್ಲಿ ನಿಮ್ಮ ಮೊದಲ ಗೆಲುವು!
ಆ ಮಳೆಗಾಲ ಪೂರ್ತಿ ಮೆಣಸಿನ ಘಾಟಿಗೆ ಗೌಡ್ರು ಸೀನಿದ್ದು ಲೈನಿನವರೆಗೂ ಕೇಳುತ್ತಿತ್ತು... ಪಾಪ.

ಮಾರನೇ ದಿನ ಬಂದವರೇ "ನಿನ್ನೆದೆಲ್ಲ ಅಳ್ಸು" ಅಂದಿರಿ.
ಹೊಸ ಅಸೈನ್‌ಮೆಂಟಿನ ಮೊದಲ ಸಾಲು ನನಗೆ ಇವತ್ತಿಗೂ ಬಾಯಿಪಾಠ. ಈ ಹಕ್ಕಿಗೆ ಮೂರು ವರ್ಷ ಬೀಗ ಹಾಕಿದವರು ನಾವೇ, ಹೋಗಿ ನೋಡದೆ ಇದ್ದವಳು ನಾನು.

ನಾನು ಅಳುತ್ತಾ ಟೈಪ್ ಮಾಡುತ್ತಿದ್ದೆ.
"ಸ್ಪೆಲ್ಲಿಂಗ್ ನೋಡ್ಕೊ. ಆಮೇಲೆ ಅಳೋಣ, ಇಬ್ರೂ" ಅಂದಿರಿ.

ಅಷ್ಟರಲ್ಲಿ ಕರೆಂಟ್ ಹೋಯಿತು... ಎರಡು ದಿನ ಬರಲಿಲ್ಲ. ಲೇಟಾಗಿದ್ದಕ್ಕೆ ಮಾರ್ಕ್ಸ್ ಕಟ್. ಜಸ್ಟ್ ಪಾಸ್! ಅದನ್ನೇ ರ‍್ಯಾಂಕ್ ಬಂದವರ ಹಾಗೆ ಕಳಸದ ತುಂಬಾ ಹೇಳಿಕೊಂಡು ಬಂದಿರಿ.

ನಿಮ್ಮ ಡಿಗ್ರಿ ಮುಗಿದ ದಿನ "ಇನ್ನು ನಿನ್ ಸರದಿ" ಅಂದಿರಿ.
ಕರೆಸ್ಪಾಂಡೆನ್ಸಿನಲ್ಲಿ ಬಿ.ಎ. ಮಾಡಿದೆ. ಆಮೇಲೆ ಅದೇ ಎಂ.ಎ. ಪ್ರತಿ ಪರೀಕ್ಷೆಯ ಹಿಂದಿನ ದಿನ ನಿಮ್ಮ ಫೋನು, ನಿಮ್ಮ ಬೈಗುಳ. ಇವತ್ತು ತೋಟದ ಕೆಲಸಗಾರರ ದೂರು ಕೇಳಿ, ಅರ್ಜಿ ಬರೆದುಕೊಡುವುದು ನನ್ನ ಉದ್ಯೋಗ. ಮೊನ್ನೆ ಬೈದಿದ್ದೂ ಅದಕ್ಕೇ. "ಆಫೀಸಲ್ಲೇ ಕೂರ್ಬೇಡ, ಹೋಗಿ ನೋಡು" ಅಂತ.

ನನ್ನ ರಿಸಲ್ಟ್ ಬಂದಾಗ ಪೇಪರಿನಲ್ಲಿ ಸುತ್ತಿ ಒಂದು ಗಿಫ್ಟ್ ಕೊಟ್ಟಿರಿ.
ಅದೇ ಬೀಗ. ಬಾಯಿ ತೆರೆದಿತ್ತು.
"ಕೀ ಎಲ್ಲಮ್ಮ?"
"ಭದ್ರಾ ಹೊಳೆಗೆ ಎಸೆದೆ. ಹುಷಾರು ಮಾರಾಯ್ತಿ, ಒಂದ್ಸಲ ಹಾಕಿದ್ರೆ ಮತ್ತೆ ತೆಗೆಯಕ್ಕಾಗಲ್ಲ."

ಅದು ನನ್ನ ಟೇಬಲ್ ಮೇಲೆ ಪೇಪರ್‌ವೇಟ್ ಆಗಿ ಕೂತಿದೆ. ಇದನ್ನು ಟೈಪ್ ಮಾಡುವಾಗಲೂ ಎದುರಿಗೇ ಇದೆ... ಬಾಯಿ ತೆರೆದುಕೊಂಡೇ.

ಅಮ್ಮಾ, ಕನ್ನಡಕ ಮರೆತು ಹೋಗಬೇಡಿ.
ಅಲ್ಲಿ ಯಾವ ಬಾಗಿಲಿಗಾದರೂ ಬೀಗ ಕಂಡರೆ ಸುಮ್ಮನಿರಬೇಡಿ, ಒಳಗೆ ಏನಿದೆ ಅಂತ ಕೇಳಿ.
ಅದೆಲ್ಲ ಮುಗಿದ ಮೇಲೆ... ನಿಮ್ಮ ಆತ್ಮ ನೆಮ್ಮದಿಯಾಗಿರಲಿ.

ಹೋಗಿ ಬನ್ನಿ, ಕ್ಲಾಸ್‌ಮೇಟ್.
ಆಮೇಲೆ ಅಳೋಣ ಅಂದಿದ್ದಿರಲ್ಲ... ಈಗ ನಾನೊಬ್ಬಳೇ ಅಳುತ್ತಿದ್ದೇನೆ.
ಸ್ಪೆಲ್ಲಿಂಗ್ ನೋಡಿಕೊಂಡಿದ್ದೇನೆ.