ಕಂಡಕ್ಟರ್ ಮತ್ತಾಯಿಯವರ ಎರಡನೇ ಸ್ವರ

ಕೊರೋನಾದ ಗಲಾಟೆ ಅಡಗಿದ ಮರುವರ್ಷದ ಮಾತು. ಆಗ ನಾನು ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅರಂತೋಡಿನಲ್ಲಿರುವ ನಮ್ಮವರನ್ನು ನನ್ನ ಉದ್ಯೋಗ ಎಂತದು ಎಂದು ಕೇಳಿದರೆ ಇವತ್ತಿಗೂ ‘ಮಾತಾಡಿಸುವ ಕೆಲಸ’ ಎನ್ನುತ್ತಾರೆ. ಅದು ತಪ್ಪೇನಲ್ಲ. ತೊದಲುವ ಮಕ್ಕಳು, ಸ್ಟ್ರೋಕ್ ಆಗಿ ಮಾತು ನಿಂತವರು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಟೀಚರುಗಳು ನನ್ನ ಕೋಣೆಗೆ ಬರುತ್ತಿದ್ದರು. ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡು ಬಂದವರು ಮಾತ್ರ ಕಡಿಮೆ. ಅಲ್ಲಿಯ ತನಕದ ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಹನ್ನೊಂದು ಮಂದಿ. ಅವರಲ್ಲಿ ಕೋಡಿಂಬಾಳದ ಮತ್ತಾಯಿ ಒಬ್ಬರು.

ಮತ್ತಾಯಿಯವರಿಗೆ ಆಗ ಐವತ್ತೆಂಟು. ಅವರ ಅಜ್ಜ ಕೇರಳದಿಂದ ಬಂದು ಕಡಬದ ಕಡೆ ರಬ್ಬರ್ ಹಾಕಿದವರು. ಮೊಮ್ಮಗನಿಗೆ ಮಾತ್ರ ತೋಟದಲ್ಲಿ ಮನಸ್ಸು ನಿಲ್ಲಲಿಲ್ಲ, ಬಸ್ಸು ಹತ್ತಿದರು. ಪುತ್ತೂರಿನಿಂದ ಉಪ್ಪಿನಂಗಡಿ, ಆಲಂಕಾರು ಮೇಲೆ ಕಡಬಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೇಳು ವರ್ಷ ಕಂಡಕ್ಟರ್. ಅವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಊರುಗಳ ಹೆಸರು ಕೂಗಿದರೆ ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿ ಬರುತ್ತಿದ್ದರಂತೆ. ಭಾನುವಾರ ಅದೇ ಸ್ವರ ಅವರ ಚರ್ಚಿನಲ್ಲಿ ಹಾಡು ಎತ್ತಿಕೊಡುತ್ತಿತ್ತು.

ಆ ಸ್ವರ ಒಡೆದು ನಾಲ್ಕು ತಿಂಗಳಾದರೂ ಅವರು ಧೂಳಿನದೆಂದೇ ತಿಳಿದಿದ್ದರು. ನಮ್ಮ ಡಾಕ್ಟರರಿಗೆ ನೋಡಿದ ಕೂಡಲೇ ಅನುಮಾನ ಬಂತು. ಮಂಗಳೂರಿನಲ್ಲಿ ಬಯಾಪ್ಸಿ ಆಯಿತು, ಕ್ಯಾನ್ಸರ್ ಎಂದು ರಿಪೋರ್ಟ್ ಬಂತು. ಉಳಿಯಬೇಕಾದರೆ ಟೋಟಲ್ ಲ್ಯಾರಿಂಜೆಕ್ಟಮಿ ಆಗಬೇಕು, ಅಂದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯಬೇಕು, ಅದೂ ಒಂದು ತಿಂಗಳೊಳಗೆ ಎಂದು ಅಲ್ಲಿಯ ಸರ್ಜನ್ ಹೇಳಿದರು. ಇಂಥ ಆಪರೇಷನ್ನಿಗೆ ಮುಂಚೆ ರೋಗಿಗೆ ಎಲ್ಲವನ್ನೂ ಬಿಡಿಸಿ ಹೇಳುವುದು ನನ್ನ ಕೆಲಸ. ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದೆ. ಇನ್ನು ಮೂಗಿನಿಂದ ಉಸಿರಾಟವಿಲ್ಲ, ಕುತ್ತಿಗೆಯ ಮುಂದೆ ಸ್ಟೋಮಾ ಎಂಬ ರಂಧ್ರ ಇರುತ್ತದೆ, ಉಸಿರು ಅಲ್ಲಿಂದಲೇ, ಹಳೆಯ ಸ್ವರ ಮರಳುವುದಿಲ್ಲ ಎಂದೆಲ್ಲ ವಿವರಿಸಿದೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ಊಟದ ಬಗ್ಗೆ. ಮತ್ತಾಯಿ ಒಡಕು ಸ್ವರದಲ್ಲಿ ಕೇಳಿದ್ದು ಬೇರೆ.

“ಹಾಗಾದ್ರೆ ಮೇಡಂ, ಪ್ರಾರ್ಥನೆ ಹೇಳುದು ಹೇಗೆ?”

ನಾನು ಕ್ರೈಸ್ತಳಲ್ಲ. ತೋಚಿದ್ದನ್ನು ಹೇಳಿದೆ, “ಮನಸ್ಸಿನಲ್ಲೇ ಹೇಳಬಹುದಲ್ಲ?”

“ದೇವರಿಗೆ ಕೇಳ್ತದೆ, ಅದು ಸರಿ. ಮನೆಯವರಿಗೆ ಕೇಳುದು ಬೇಡ್ವಾ?”

ಸಂಜೆ ಏಳಕ್ಕೆ ಅವರ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಡ್ಯೂಟಿ ಮುಗಿಸಿ ಬಂದು, ಮಿಂದು, ಅವರೇ ಪ್ರಾರ್ಥನೆ ಹೇಳಬೇಕು; ಹೆಂಡತಿ ಅನ್ನಮ್ಮ ಮತ್ತು ವಯಸ್ಸಾದ ತಾಯಿ ಅದಕ್ಕೆ ಉತ್ತರ ಕೊಡಬೇಕು. ಮದುವೆಯಾದಂದಿನಿಂದ ಅದೊಂದು ದಿನವೂ ತಪ್ಪಿರಲಿಲ್ಲ. ಆಪರೇಷನ್ನಿಗೆ ಒಪ್ಪಿಗೆಯೇ ಎಂದು ಕೇಳಿದೆ. “ನಾಳೆ ತಿಳಿಸ್ತೇನೆ” ಎಂದು ಎದ್ದುಹೋದವರು ಮತ್ತೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಇಪ್ಪತ್ತಮೂರನೇ ದಿನ ಬೆಳಿಗ್ಗೆ ಅನ್ನಮ್ಮ ಅವರನ್ನು ಕರೆದುಕೊಂಡು ಬಂದರು, ಅಥವಾ ಎಳೆದುಕೊಂಡು ಬಂದರು ಎನ್ನಬೇಕು. ಅಷ್ಟು ದಿನವೂ ಮತ್ತಾಯಿ ಬಸ್ಸಿನಲ್ಲಿ ಕೂಗಿದ್ದರು, ಮನೆಯಲ್ಲಿ ಪ್ರಾರ್ಥಿಸಿದ್ದರು. ಹಿಂದಿನ ಸಂಜೆ ಪ್ರಾರ್ಥನೆಯ ನಡುವೆ ಕೆಮ್ಮು ಬಂದು ಕರವಸ್ತ್ರದಲ್ಲಿ ರಕ್ತ ಕಂಡಿತ್ತು.

“ಇನ್ನು ಪ್ರಾರ್ಥನೆ ನಾನು ಹೇಳ್ತೇನೆ, ನೀವು ಹತ್ತಿರ ಕೂತ್ರೆ ಸಾಕು ಅಂತ ಹೇಳಿದೆ ಮೇಡಂ,” ಎಂದರು ಅನ್ನಮ್ಮ. “ಕೂತ್ಕೊಳ್ಳಿಕ್ಕಾದ್ರೂ ಮನುಷ್ಯ ಇರ್ಬೇಕಲ್ಲ!”

ಮತ್ತಾಯಿ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಆಪರೇಷನ್ ಚೆನ್ನಾಗಿ ಆಯಿತು. ಬಳಿಕ ಮೂವತ್ತು ಸಲ ರೇಡಿಯೇಷನ್. ನಾಲ್ಕು ತಿಂಗಳು ಕಳೆದು ನನ್ನೆದುರು ಕುಳಿತಾಗ ಗುರುತು ಸಿಗದಷ್ಟು ಇಳಿದಿದ್ದರು. ಕುತ್ತಿಗೆಗೆ ಅನ್ನಮ್ಮ ಹೊಲಿದ ತೆಳು ಬಟ್ಟೆ, ಕೈಯಲ್ಲಿ ಒಂದು ಸ್ಲೇಟು. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದಾರೆಂದು ಅನ್ನಮ್ಮ ದೂರು ಹೇಳಿದರು. ಮತ್ತಾಯಿ ಸ್ಲೇಟಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: “ಎಲ್ಲರೂ ಹಾಡುವಾಗ ಬಾಯಿ ಮುಚ್ಚಿ ನಿಲ್ಲಲು ಆಗುವುದಿಲ್ಲ.” ಒರೆಸಿ ಮತ್ತೆ ಬರೆದರು: “ಸಾಯಲು ಇಷ್ಟು ಹೆದರಿಕೆ ಇರಲಿಲ್ಲ. ಹೀಗೇ ಇರುವುದಕ್ಕೆ ಹೆದರಿಕೆ.”

ಅವರಿಗೆ ಮೊದಲು ಎಲೆಕ್ಟ್ರೋಲ್ಯಾರಿಂಕ್ಸ್ ಕೊಟ್ಟು ನೋಡಿದೆ. ಟಾರ್ಚಿನಂಥ ಯಂತ್ರ; ಕುತ್ತಿಗೆಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಗುಂಯ್ ಎನ್ನುವ ಸ್ವರದಲ್ಲಿ ಮಾತು ಬರುತ್ತದೆ. ಎರಡು ನಿಮಿಷ ಪ್ರಯತ್ನಿಸಿ ಅದನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. “ಇದರಲ್ಲಿ ತೋಟದ ಹುಲ್ಲು ತೆಗೆಯಬಹುದು” ಎಂದು ಬರೆದರು. ಅನ್ನಮ್ಮ ನಕ್ಕರು, ನಾನೂ ನಕ್ಕೆ. ಮತ್ತಾಯಿಯವರ ಭುಜ ಮಾತ್ರ ಕುಣಿಯಿತು. ಅವರ ನಗು ಈಗ ಸದ್ದಿಲ್ಲದ್ದು.

ಉಳಿದದ್ದು ಈಸೋಫೇಜಿಯಲ್ ಸ್ಪೀಚ್. ಗಾಳಿಯನ್ನು ಬಾಯಿಯಿಂದ ಅನ್ನನಾಳಕ್ಕೆ ಒತ್ತಿ, ಕೆಳಗೆ ಹೋಗಗೊಡದೆ ಅಲ್ಲಿಂದಲೇ ವಾಪಸು ಬಿಡುವುದು. ನೇರವಾಗಿ ಹೇಳುವುದಾದರೆ, ತೇಗನ್ನು ಪಳಗಿಸಿ ಮಾತು ಮಾಡುವ ವಿದ್ಯೆ. ಯಂತ್ರ ಬೇಡ, ಆದರೆ ಎಲ್ಲರಿಗೂ ಬರುವುದಿಲ್ಲ. ತುಟಿ, ನಾಲಿಗೆ ಒತ್ತಿ ಬಿಡುವ ಪ, ಟ, ಕ ಅಕ್ಷರಗಳಿಂದ ಶುರು ಮಾಡುತ್ತೇವೆ, ಆ ಒತ್ತಿಗೇ ಗಾಳಿ ಒಳಗೆ ಹೋಗುತ್ತದೆ. ಮಂಗಳವಾರ ಮತ್ತು ಶುಕ್ರವಾರ ಮತ್ತಾಯಿ ತಮ್ಮದೇ ಬಸ್ಸಿನಲ್ಲಿ, ಈಗ ಪ್ರಯಾಣಿಕರಾಗಿ ಬಂದು, ನನ್ನೆದುರು ಕುಳಿತು ಪಾ, ಟಾ, ಕಾ ಎಂದು ತುಟಿ ಆಡಿಸಿದರು. ಏಳು ವಾರವಾದರೂ ಸ್ವರವಿಲ್ಲ. ಹೊಟ್ಟೆಯಿಂದ ಗುಡುಗುಡು ಸದ್ದಷ್ಟೇ ಬರುತ್ತಿತ್ತು. ನಾನು ಫೈಲಿನಲ್ಲಿ ‘ಪ್ಲೇಟೋ’ ಎಂದು ಬರೆದೆ. ಇನ್ನು ಪ್ರಗತಿ ಕಾಣುವುದಿಲ್ಲ ಎಂಬುದಕ್ಕೆ ನಾವು ಬಳಸುವ ಮರ್ಯಾದಸ್ಥ ಶಬ್ದ ಅದು. ಮುಂದಿನ ಶುಕ್ರವಾರ ಅವರಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಆ ಶುಕ್ರವಾರ ಜೊತೆಗೆ ಅನ್ನಮ್ಮನೂ ಬಂದಿದ್ದರು. ಹೇಳಬೇಕಾದ್ದನ್ನು ಹೇಳಲು ಬಾಯಿ ಬಾರದೆ, ಮನೆಯ ಪ್ರಾರ್ಥನೆ ಹೇಗೆ ನಡೆಯುತ್ತದೆ ಎಂದು ಕೇಳಿದೆ.

“ನಾನೇ ಹೇಳುದು. ಇವರು ನನ್ನ ಕೈ ಮೇಲೆ ಬೆರಳಿಂದ ತಟ್ತಾ ಇರ್ತಾರೆ. ಒಂದು ಶಬ್ದ ತಪ್ಪಿದ್ರೆ ಜೋರು ತಟ್ತಾರೆ, ನೋಡಿ, ಕೈ ಕೆಂಪಾಗ್ತದೆ!”

ಆ ಮಾತಿಗೆ ನನಗೆ ಏನನ್ನಿಸಿತೋ, ಅಕ್ಷರಗಳ ಪಟ್ಟಿಯನ್ನು ಮಡಚಿಟ್ಟೆ. “ಇವತ್ತು ಪಾ, ಟಾ, ಕಾ ಬೇಡ. ನೀವು ಒಬ್ಬರೇ ಕೂತು ದೇವರೊಟ್ಟಿಗೆ ಮಾತಾಡುವಾಗ ಮೊದಲ ಶಬ್ದ ಯಾವುದು?”

ಮತ್ತಾಯಿ ಬರೆದರು: “ಅಪ್ಪ. ಬೇರೆ ಎಲ್ಲ ಆಮೇಲೆ.”

ನನ್ನ ವೃತ್ತಿಬುದ್ಧಿಗೆ ಖುಷಿಯಾಯಿತು. ತುಟಿ ಬಿಗಿಯಾಗಿ ಕೂಡುವ ಒತ್ತಕ್ಷರ, ನಮಗೆ ಇದಕ್ಕಿಂತ ಒಳ್ಳೆಯ ಶಬ್ದ ಬೇಕಿರಲಿಲ್ಲ. “ಅದನ್ನೇ ಹೇಳಿ. ನನಗಲ್ಲ, ಅವನಿಗೆ ಹೇಳಿ,” ಎಂದೆ.

ಅವರು ಕಣ್ಣು ಮುಚ್ಚಿದರು. ತುಟಿ ಒತ್ತಿದರು. ಒಮ್ಮೆ ಏನೂ ಬರಲಿಲ್ಲ, ಇನ್ನೊಮ್ಮೆಯೂ ಬರಲಿಲ್ಲ. ಮೂರನೇ ಸಲ ಎದೆಯ ಆಳದಿಂದ, ಗಡಸಾಗಿ, ಸ್ಪಷ್ಟವಾಗಿ ಬಂತು: “ಅಬ್ಬ.”

ಅನ್ನಮ್ಮ ಶಿಲುಬೆಯ ಗುರುತು ಹಾಕಿಕೊಂಡು ಅಳುವುದಕ್ಕೂ ನಗುವುದಕ್ಕೂ ಒಟ್ಟಿಗೇ ಶುರು ಮಾಡಿದರು. ನನ್ನ ಕಣ್ಣೂ ಒದ್ದೆಯಾಗಿತ್ತು. ಅದನ್ನು ಮರೆಮಾಡಲು ಮೇಡಂ ಗತ್ತಿನಲ್ಲೇ ಹೇಳಿದೆ, “ಸ್ವರ ಬಂತು, ಬಹಳ ಒಳ್ಳೇದಾಯ್ತು. ಆದರೆ ‘ಪ’ ಹೋಗಿ ‘ಬ’ ಆಗ್ತಾ ಉಂಟು. ಈ ವಿಧಾನದಲ್ಲಿ ಹಾಗೆ ಆಗುವುದುಂಟು. ಮುಂದೆ ಸರಿ ಮಾಡುವ.”

ಮತ್ತಾಯಿ ಸ್ಲೇಟು ಎಳೆದುಕೊಂಡು ಅವಸರದಲ್ಲಿ ಬರೆದರು: “ಸರಿ ಮಾಡುವುದು ಬೇಡ. ಯೇಸು ಮಾತಾಡಿದ ಭಾಷೆಯಲ್ಲಿ ಅಪ್ಪನಿಗೆ ಅಬ್ಬ ಅಂತಲೇ ಹೇಳುವುದು.”

ಅವರು ಹೋದ ಮೇಲೆ ಫೈಲಿನ ‘ಪ್ಲೇಟೋ’ ಶಬ್ದವನ್ನು ಗೀಟು ಎಳೆದು ಹೊಡೆದುಹಾಕಿದೆ.

ಎರಡನೆಯ ಶಬ್ದವನ್ನು ಅವರೇ ಆರಿಸಿದರು: ಕಡಬ. ಕ, ಡ, ಬ, ಮೂರೂ ಒತ್ತಿ ಬಿಡುವ ಅಕ್ಷರಗಳು. ನಾನು ಓದಿದ ಪಾಠಪುಸ್ತಕಗಳನ್ನು ಬರೆದವರು ಈ ಊರು ನೋಡಿದ್ದರೆ ಮೊದಲ ಪಾಠಕ್ಕೆ ಅದನ್ನೇ ಹಾಕುತ್ತಿದ್ದರೋ ಏನೋ. ಎರಡೇ ವಾರದಲ್ಲಿ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು “ಕಡಬ, ಕಡಬ, ಕಡಬ!” ಎಂದು ಕೂಗಿದರು. ಹೊರಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಚೀಲ ಎತ್ತಿಕೊಂಡು ಎದ್ದೇ ನಿಂತರು.

ಚರ್ಚಿಗೆ ಹೋಗಲು ಮಾತ್ರ ಇನ್ನೂ ಸಂಕೋಚ. ದೇವರ ಮನೆಯಲ್ಲಿ ನಿಂತು ತೇಗುವುದೇ ಎಂಬುದು ಅವರ ತಕರಾರು. ಅನ್ನಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: “ಹೊಟ್ಟೆ ಕೊಟ್ಟವನಿಗೆ ತೇಗು ಗೊತ್ತಿಲ್ವಾ?” ಈಸ್ಟರ್ ದಿನ ಬೆಳಿಗ್ಗೆ, ಯೇಸು ಸಾವಿನಿಂದ ಎದ್ದುಬಂದನೆಂದು ಅವರೆಲ್ಲ ಸಂಭ್ರಮಿಸುವ ಆ ಆರಾಧನೆಗೆ, ಮತ್ತಾಯಿ ಹೋದರು. ಅಲ್ಲಿ ನಡೆದದ್ದನ್ನು ಮುಂದಿನ ಮಂಗಳವಾರ ಅನ್ನಮ್ಮ ನನಗೆ ವರದಿ ಮಾಡಿದರು. ಎಲ್ಲರೂ ‘ಆಮೇನ್’ ಎಂದು ಮುಗಿಸಿದ ಮೇಲೆ, ಆ ಮೌನದಲ್ಲಿ, ಇವರದೊಂದು ಆಮೇನ್ ತಡವಾಗಿ ಗುಡುಗಿತಂತೆ. ಯಾರೋ ಪಕ್ಕನೆ ನಕ್ಕರು. ಮೊದಲು ಮತ್ತಾಯಿಯವರ ಮುಖ ಕೆಂಪಾಯಿತು, ಆಮೇಲೆ ಅವರೂ ನಕ್ಕರು. ಅವರ ಪಾದ್ರಿ, ‘ಅಚ್ಚನ್’ ಎನ್ನುತ್ತಾರೆ, ಮುಂದಿನ ಪ್ರಾರ್ಥನೆ ಮುಗಿದಾಗ ಪುಟ ತಿರುವದೆ ಸುಮ್ಮನೆ ನಿಂತರು. ಇನ್ನೊಂದು ಆಮೇನ್ ಬಂದ ಮೇಲೆ ಮುಂದುವರಿಸಿದರು.

“ಈಗ ಅಚ್ಚನ್ ಪ್ರತಿ ವಾರ ಕಾಯ್ತಾರೆ,” ಎಂದು ತಿಂಗಳು ಕಳೆದು ಹೇಳುವಾಗ ಅನ್ನಮ್ಮನ ಮುಖ ನೋಡಬೇಕಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೂ ನಾನು ಇದನ್ನು ಬರೆಯುತ್ತಿದ್ದೆ. ಆದರೆ ಆ ಮಳೆಗಾಲದಲ್ಲಿ ಮರ್ಕಂಜದಿಂದ ಕೃಷ್ಣಪ್ಪ ಮಾಸ್ಟ್ರು ಬಂದರು. ನಿವೃತ್ತ ಹೈಸ್ಕೂಲ್ ಅಧ್ಯಾಪಕರು. ಅದೇ ಕಾಯಿಲೆ, ಅದೇ ಆಪರೇಷನ್. ಮಾಸ್ಟ್ರು ಖಡಾಖಂಡಿತವಾಗಿ ಬೇಡವೆಂದರು. ಮಗಳು ಸುಮತಿ ಕಾರಿಡಾರಿನಲ್ಲಿ ನಿಂತು ಅಳುತ್ತಿದ್ದಳು. ನನ್ನ ಚಿತ್ರ, ವಿವರಣೆ ಯಾವುದೂ ಕೆಲಸ ಮಾಡಲಿಲ್ಲ. ಕೊನೆಗೆ, ಇದೇ ಆಪರೇಷನ್ ಆದವರೊಬ್ಬರನ್ನು ಭೇಟಿಯಾಗಲು ಮಾಸ್ಟ್ರನ್ನು ಒಪ್ಪಿಸಿ ಮತ್ತಾಯಿಯವರಿಗೆ ಫೋನ್ ಮಾಡಿಸಿದೆ. ಮರುದಿನ ಹತ್ತೂವರೆಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾದರು.

ಮಾಸ್ಟ್ರು ಸ್ಟೋಮಾ ತೋರಿಸಲು ಹೇಳಿದರು. ಮತ್ತಾಯಿ ಬಟ್ಟೆ ಸರಿಸಿ ತೋರಿಸಿದರು. ಮಾಸ್ಟ್ರು ಬಹಳ ಹೊತ್ತು ನೋಡಿದರು.

“ಹೆದರಿಕೆ ಆಗ್ಲಿಲ್ವಾ ನಿಮಗೆ?”

ಮತ್ತಾಯಿ ತುಟಿ ಒತ್ತಿ ಗಾಳಿ ತುಂಬಿಕೊಂಡರು. ಒಂದು ಗುಕ್ಕಿಗೆ ಎರಡೇ ಶಬ್ದ ಹೇಳಲು ಅವರಿಗೆ ಆಗುತ್ತಿತ್ತು. “ಭಯ ಉಂಟು.” ಮತ್ತೆ ಗಾಳಿ ತುಂಬಿದರು. “ಅಬ್ಬನೂ ಉಂಟು.”

ವ್ಯಕ್ತಿಗೆ ‘ಇದ್ದಾರೆ’ ಎನ್ನಬೇಕು. ಮನೆಯಲ್ಲಿ ಮಲಯಾಳಂ ಆಡುವ ಮತ್ತಾಯಿ ‘ಉಂಟು’ ಎಂದೇ ಹೇಳುತ್ತಿದ್ದರು. ಮಾಸ್ಟ್ರು ಕನ್ನಡ ಪಾಠ ಮಾಡಿದವರು, ಆದರೂ ತಿದ್ದಲಿಲ್ಲ. ‘ಅಬ್ಬ’ ಅಂದರೆ ಯಾರೆಂದು ನಾನು ಅವರಿಗೆ ತಿಳಿಸಿದೆ.

“ಕಾಯಿಲೆ ಪುನಃ ಬಂದ್ರೆ?” ಮಾಸ್ಟ್ರು ಬಿಡಲಿಲ್ಲ.

“ಬಂದ್ರೆ ಬರ್ಲಿ… ಸತ್ರೂ… ಅಬ್ಬ ಬಿಡುದಿಲ್ಲ.”

“ನಾನು ನಿಮ್ಮ ದೇವರನ್ನು ನಂಬುವವನಲ್ಲ ಮಾರಾಯ್ರೆ.”

ಮತ್ತಾಯಿ ಅದಕ್ಕೆ ನಕ್ಕು, ಮೂರು ಸಲ ಗಾಳಿ ತುಂಬಿಕೊಂಡು ಹೇಳಿದರು, “ತೊಂದ್ರೆ ಇಲ್ಲ… ಅವನಿಗೆ ನಿಮ್ಮ… ಗುರ್ತ ಉಂಟು.”

ಮಾಸ್ಟ್ರ ಒಡಕು ನಗು ಆಗ ಕೇಳಿಸಿತು. ಕಾಯಿಲೆ ಗೊತ್ತಾದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು ಎಂದು ಸುಮತಿ ಆಮೇಲೆ ಹೇಳಿದಳು. ಅವರನ್ನು ಮತ್ತಾಯಿ ಧರ್ಮಕ್ಕೆ ಕರೆಯಲೂ ಇಲ್ಲ, ಧೈರ್ಯದ ಉಪದೇಶ ಮಾಡಲೂ ಇಲ್ಲ. ಮಂಗಳೂರಿಗೆ ಜೊತೆಗೆ ಹೋದರು, ಅಷ್ಟೇ. ಆಪರೇಷನ್ ನಡೆದ ಆರು ಗಂಟೆ ಸುಮತಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ಮಾಸ್ಟ್ರಿಗೆ ಅನ್ನನಾಳದ ಮಾತು ಒಲಿಯಲಿಲ್ಲ. ಮತ್ತಾಯಿ ಬೇಡವೆಂದ ಆ ‘ಹುಲ್ಲು ತೆಗೆಯುವ’ ಯಂತ್ರ ಒಲಿಯಿತು, ಅದರಲ್ಲೇ ಈಗ ಮೊಮ್ಮಕ್ಕಳ ವ್ಯಾಕರಣ ತಿದ್ದುತ್ತಾರೆ. ಮತ್ತಾಯಿ ಕಡಬ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದಾರೆ. ಆರು ತಿಂಗಳಿಗೊಮ್ಮೆ ಚೆಕ್‌ಅಪ್ ಉಂಟು. ರಿಪೋರ್ಟ್ ಬರುವ ತನಕ ಈಗಲೂ ಭಯವಾಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ನನ್ನ ಕೋಣೆಗೆ ಬಂದ ಪ್ರತಿಯೊಬ್ಬರಿಗೂ ನಾನು ಇಪ್ಪತ್ತೊಂಬತ್ತು ವರ್ಷ ‘ಹೆದರಬೇಡಿ’ ಎಂದೇ ಹೇಳಿದ್ದೆ. ಅದರಿಂದ ಒಬ್ಬರ ಹೆದರಿಕೆಯಾದರೂ ಹೋದದ್ದನ್ನು ನಾನು ಕಾಣೆ. ಅವರು ಅದನ್ನು ನನ್ನೆದುರು ಹೇಳುವುದನ್ನು ನಿಲ್ಲಿಸಿದರು, ಅಷ್ಟೇ. ಮತ್ತಾಯಿಯವರಿಂದ ಕಲಿತ ಮೇಲೆ ಉಳಿದ ಸರ್ವಿಸಿನಲ್ಲಿ ಆ ಶಬ್ದ ಬಳಸಲಿಲ್ಲ. “ಹೆದರಿಕೆ ಆಗ್ತದೆ, ಆಗ್ಲಿ. ನಿಮ್ಮೊಟ್ಟಿಗೆ ಯಾರುಂಟು?” ಎಂದು ಕೇಳುತ್ತಿದ್ದೆ. ಕೆಲವರು ಮಗಳ ಹೆಸರು ಹೇಳಿದರು, ಕೆಲವರು ದೇವರ ಹೆಸರು. ಯಾರೂ ಇಲ್ಲ ಎಂದವರ ಪಕ್ಕಕ್ಕೆ ನಾನು ನನ್ನ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಿದ್ದೆ.